ಎಂಟು ಪೈ ಸ್ಟಾಂಪಿನಲ್ಲಿ ಇಲ್ಲದ ಆನೆ

ಹಳೆಯ ಅಂಚೆ ಸ್ಟಾಂಪಿನ ನೀರುಗುರುತು, ಅಂದರೆ ವಾಟರ್‌ಮಾರ್ಕ್, ನೋಡಲು ಗಾಡಿಯ ಪೆಟ್ರೋಲ್ ಬಳಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ. ಯಾಕೆಂದರೆ ಇದಕ್ಕೆ ಪೂರಾ ಉಲ್ಟಾ ಬುದ್ಧಿಯನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದವನು ನಾನೇ. ಅದಕ್ಕೆಂದೇ ಸಣ್ಣ ಬಾಟಲಿಯಲ್ಲಿ ಬರುವ ಎಣ್ಣೆಗೆ ಯಾಕೆ ದುಡ್ಡು ಸುರಿಯುತ್ತೀರಿ, ಬೈಕಿನ ಪೈಪು ಬಿಚ್ಚಿ ನಾಲ್ಕು ಹನಿ ಹಿಡಿದುಕೊಳ್ಳಿ ಎನ್ನುತ್ತಿದ್ದೆ. ಮೂವತ್ತು ವರ್ಷ ಹಾಗೇ ಮಾಡಿದೆ, ಒಂದು ಸ್ಟಾಂಪೂ ಕೆಡಲಿಲ್ಲ. ಕೆಡದೇ ಇದ್ದದ್ದೇ ನನ್ನನ್ನು ಕೆಡಿಸಿತು.

ಶಿಕಾರಿಪುರದಲ್ಲಿ ನನ್ನದೊಂದು ಹಳೆ ಸಾಮಾನಿನ ಅಂಗಡಿ. ಹಿತ್ತಾಳೆ ಕೊಡ, ಕೀಲಿ ಕೊಡುವ ಗಡಿಯಾರ, ಬಾಯಿ ಸತ್ತ ರೇಡಿಯೋ, ನಾಣ್ಯ, ಸ್ಟಾಂಪು. ಸೈಕಲ್ಲಿಗೆ ರದ್ದಿ ಚೀಲ ಕಟ್ಟಿಕೊಂಡು ಶುರು ಮಾಡಿದವನು. ಓದು ಏಳನೇ ಕ್ಲಾಸು, ಆಸ್ತಿ ನಾಲಿಗೆ ಒಂದೇ. ಬಂದಳಿಕೆಯಿಂದ ಉಡುತಡಿಯವರೆಗೆ ನನ್ನ ಜೊತೆ ಚೌಕಾಸಿ ಮಾಡಿ ಗೆದ್ದವರು ಕಡಿಮೆ. ಗೆಲ್ಲುವ ದಾರಿ ಬಹಳ ಸರಳ. ಎದುರಿನವನು ಒಳಗಿಂದ ಸಾಮಾನು ತಂದು ಇಟ್ಟಾಗ ಅದನ್ನು ಕೈಗೆ ತೆಗೆದುಕೊಳ್ಳಬಾರದು. ಸುಮ್ಮನೆ ಕಣ್ಣಾಡಿಸಿ, "ಇದು ಸಾದಾ ಐತ್ರಿ" ಎನ್ನಬೇಕು. ಆಮೇಲೆ ನೀರು ಕೇಳಬೇಕು. ನೀರು ಬರುವಷ್ಟರಲ್ಲಿ ಅವನ ಮನಸ್ಸಿನಲ್ಲಿದ್ದ ಬೆಲೆ ಅರ್ಧಕ್ಕೆ ಇಳಿದಿರುತ್ತದೆ.

ಸ್ಟಾಂಪಿನ ವಿದ್ಯೆ ಮಾತ್ರ ನನ್ನದಲ್ಲ. ಅದನ್ನು ಕಲಿಸಿದವರು ಸೊರಬದಲ್ಲಿ ನಿವೃತ್ತರಾಗಿದ್ದ ಪೋಸ್ಟ್ ಮಾಸ್ತರು. ಅವರ ಮನೆಗೆ ರದ್ದಿ ಎತ್ತಲು ಹೋದ ದಿನ ಅವರು ನನ್ನ ಚೀಲದಿಂದಲೇ ಒಂದು ಹಳೇ ಲಕೋಟೆ ಹೊರಗೆ ಎಳೆದು, "ಇದನ್ನ ಕೆಜಿ ಲೆಕ್ಕದಲ್ಲಿ ತಂದ್ಯನೋ ತಮ್ಮಾ?" ಎಂದು ಹಣೆ ಚಚ್ಚಿಕೊಂಡಿದ್ದರು. ಅವತ್ತಿನಿಂದ ಭಾನುವಾರ ಭಾನುವಾರ ಅವರ ಮನೆ. ಪಾಠ, ಆಮೇಲೆ ಊಟ. ಅವರಿಗೆ ಮಕ್ಕಳಿರಲಿಲ್ಲ. ಅಮ್ಮ, ಅಂದರೆ ಅವರ ಹೆಂಡತಿ, ನನಗೆ ಬಡಿಸಿದ ಮೇಲೆಯೇ ತಾವು ಕೂರುತ್ತಿದ್ದರು.

ಮಾಸ್ತರು ಕಲಿಸಿದ್ದು ಇಷ್ಟು. ಕಾಗದ ಹಸಿ ಹಿಟ್ಟಿನ ಹಾಗಿರುವಾಗಲೇ ತಂತಿಯಲ್ಲಿ ಮಾಡಿದ ಆಕಾರವನ್ನು ಅದರ ಮೇಲೆ ಒತ್ತುತ್ತಾರೆ. ಒತ್ತಿದ ಕಡೆ ಕಾಗದ ತೆಳುವಾಗುತ್ತದೆ. ಅದೇ ನೀರುಗುರುತು. ಒಂದು ಕಾಲದ ಸ್ಟಾಂಪಿನಲ್ಲಿ ಆನೆಯ ತಲೆ, ಆಮೇಲಿನವುಗಳಲ್ಲಿ ನಕ್ಷತ್ರ. ಎಲ್ಲಕ್ಕಿಂತ ಮುಂಚಿನವುಗಳಲ್ಲಿ ಏನೂ ಇಲ್ಲ. ಕಪ್ಪು ಬಣ್ಣದ ಸಣ್ಣ ಬಸಿಯಲ್ಲಿ ಸ್ಟಾಂಪನ್ನು ಮುಖ ಕೆಳಗೆ ಮಾಡಿ ಮಲಗಿಸಿ ನಾಲ್ಕು ಹನಿ ಎಣ್ಣೆ ಬಿಟ್ಟರೆ ತೆಳುವಾದ ಜಾಗ ಕಪ್ಪಗೆ ಕಾಣುತ್ತದೆ. ಎಣ್ಣೆ ಆರಿದರೆ ಮಾಯ. ಸೀಮೆಸುಣ್ಣ ಬಳಿದ ಕಾಗದವೋ ಅಲ್ಲವೋ ನೋಡಲು ಅಂಚಿಗೆ ಬೆಳ್ಳಿ ಉಂಗುರ ತಾಗಿಸಬೇಕು, ಸುಣ್ಣವಿದ್ದರೆ ಪೆನ್ಸಿಲಿನಂಥ ಗೀರು ಬೀಳುತ್ತದೆ. ಕಾಗದ ಬಿಳಿಯೋ ನೀಲಿ ಛಾಯೆಯದೋ ಎಂಬುದನ್ನು ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನಿಸಬಾರದು. ಬೆಳಗಿನ ಬೆಳಕಿನಲ್ಲಿ, ನೆರಳಿಗೆ ನಿಂತು, ಬೆನ್ನು ನೋಡಬೇಕು. "ಮುಖ ಎಲ್ಲಾರೂ ನೋಡ್ತಾರೆ. ನೀ ಬೆನ್ನು ನೋಡು" ಎನ್ನುತ್ತಿದ್ದರು.

ಕುಪ್ಪಗಡ್ಡೆಯ ಒಂದು ಮನೆಯಲ್ಲಿ ಎಂಟು ಪೈ ಬೆಲೆಯ ನೇರಳೆ ಸ್ಟಾಂಪು ಒಂದಿತ್ತು. ರಾಣಿಯ ಮುಖದ್ದು. ಆ ಮನೆಯ ಹಿರಿಯರೊಬ್ಬರು ಯಾವುದೋ ಕಾಲದಲ್ಲಿ ಬ್ರಿಟಿಷರ ದಂಡಿಗೆ ಹುಲ್ಲು, ಹುರುಳಿ ಗಾಡಿ ಹೊಡೆಯುತ್ತಿದ್ದರಂತೆ, ಅಲ್ಲಿಂದ ಬಂದದ್ದು. ಅವರು ಅದನ್ನು ಸ್ಟಾಂಪು ಎನ್ನುತ್ತಿರಲಿಲ್ಲ, ರಾಣಿ ಎನ್ನುತ್ತಿದ್ದರು. ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿಗಳ ಜೊತೆ ಅವಳನ್ನೂ ತಟ್ಟೆಯಲ್ಲಿ ಇಟ್ಟು ಹೂವೇರಿಸಿ, ಮತ್ತೆ ಜಮೀನಿನ ಕಾಗದಗಳಿದ್ದ ಪೆಟ್ಟಿಗೆಗೆ ಸೇರಿಸುತ್ತಿದ್ದರು.

ನಾನು ಅದನ್ನು ಮೊದಲು ನೋಡಿದ್ದು ಹನ್ನೊಂದು ವರ್ಷದ ಹಿಂದೆ. ಬಸಿಯಲ್ಲಿ ಹಾಕಿ ಪೆಟ್ರೋಲ್ ಬಿಟ್ಟೆ. ಆನೆ ಇಲ್ಲ. ಬೆನ್ನು ನೋಡಿದೆ. ತೆಳು ನೀಲಿ. ಎಂಟು ಪೈಯಲ್ಲಿ ಆನೆ ಇರುವುದಕ್ಕಿಂತ ಇಲ್ಲದ್ದಕ್ಕೆ ಬೆಲೆ ಹೆಚ್ಚು, ಅದರಲ್ಲೂ ನೀಲಿ ಕಾಗದದ್ದು. ಬಾಯಿ ಮಾತ್ರ ತನ್ನ ಅಭ್ಯಾಸದ ಕೆಲಸ ಮಾಡಿತು.

"ಆನೆ ಐತ್ರಿ ಗೌಡ್ರೆ. ಸಾದಾ."

ಯಜಮಾನನ ಮುಖ ಕಪ್ಪಿಟ್ಟಿತು. "ಆನೆ ಐತಾ? ಖರೇನಾ?" ಎಂದು ಎರಡು ಸಲ ಕೇಳಿದ. ಎರಡು ಸಲವೂ ಹೌದೆಂದೆ. ಅವನು ಸ್ಟಾಂಪನ್ನು ಮಡಿಚಿದ ಕಾಗದದೊಳಗೆ ಇಟ್ಟು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ವ್ಯಾಪಾರ ಕುದುರಲಿಲ್ಲವಲ್ಲ ಎಂಬ ಬೇಜಾರಿನಲ್ಲಿ ಬೈಕು ಹತ್ತಿದೆ.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಅದಕ್ಕೆ ಹಿಂದಿನ ತಿಂಗಳು ಅದೇ ಯಜಮಾನ ರಾಣಿಯನ್ನು ಸೊರಬಕ್ಕೆ ಒಯ್ದು ಮಾಸ್ತರ ಕೈಗೆ ಕೊಟ್ಟಿದ್ದ. ಮಾಸ್ತರು ಎಂಟು ದಿನ ಇಟ್ಟುಕೊಂಡು ನೋಡಿ, ಆನೆ ಇಲ್ಲ, ನೀಲಿ ಕಾಗದ, ಯಾರಿಗೂ ಕೊಡಬೇಡಿ ಎಂದು ಹೇಳಿ ಮರಳಿಸಿದ್ದರು. ಮಾಸ್ತರು ಇಲ್ಲ ಎಂದ ಆನೆಯನ್ನು ನಾನು ಇದೆ ಎಂದೆ. ಆ ಮನೆಯವರು ಕೂಡಿಸಿ ಕಳೆದು ಒಂದೇ ತೀರ್ಮಾನಕ್ಕೆ ಬಂದರು: ಆ ಎಂಟು ದಿನದಲ್ಲಿ ಮಾಸ್ತರು ಅಸಲು ರಾಣಿಯನ್ನು ಇಟ್ಟುಕೊಂಡು ಬೇರೆ ರಾಣಿಯನ್ನು ಕೊಟ್ಟಿದ್ದಾರೆ.

ಸುದ್ದಿ ಸೊರಬದ ಸಂತೆಗೆ ಬರಲು ಒಂದು ವಾರ ಸಾಕಾಯಿತು. ನಲವತ್ತು ವರ್ಷ ಜನರ ಮನಿಯಾರ್ಡರು ಕೈಯಿಂದ ಕೈಗೆ ಮುಟ್ಟಿಸಿದ ಮನುಷ್ಯ 'ಸ್ಟಾಂಪು ಬದಲು ಮಾಡಿದ ಮಾಸ್ತರು' ಆದರು. ಮದುವೆ ಮನೆಗಳಲ್ಲಿ ಅವರು ಬಂದು ಕೂತರೆ ಪಕ್ಕದವನು ನಕ್ಕು ಜೇಬು ಮುಟ್ಟಿಕೊಳ್ಳುತ್ತಿದ್ದ. ಅವರು ಹೋಗುವುದನ್ನೇ ಬಿಟ್ಟರು. ಆಲ್ಬಮ್ಮುಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದರು.

ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ. ಭಾನುವಾರ ಬಂತು, ಅಮ್ಮ ಹಲಸಿನಕಾಯಿ ಪಲ್ಯ ಮಾಡಿದ್ದರು, ಉಂಡೆ, ಹೇಳಲಿಲ್ಲ. ಬೆಲೆ ಇಳಿಸಲು ಸುಳ್ಳು ಹೇಳುತ್ತೇನೆಂದು ಒಂದು ಕಡೆ ಒಪ್ಪಿಕೊಂಡರೆ ನಾನು ತಿರುಗುವ ಅಷ್ಟೂ ಊರಿನ ಬಾಗಿಲು ಮುಚ್ಚುತ್ತಿತ್ತು. ನನ್ನ ಒಲೆ ಉರಿಯುತ್ತಿದ್ದದ್ದು ಆ ನಾಲಿಗೆಯಿಂದಲೇ. ಹೀಗೆ ಹನ್ನೊಂದು ವರ್ಷ ಉಂಡೆ.

ಈ ಸಲ ಮಳೆ ಶುರುವಾಗುವ ಮುಂಚೆ ಮಾಸ್ತರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಾಯಿತು. ನೋಡಲು ಹೋದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಪಿಸುಗುಟ್ಟಿದರು. "ಬೇರೆ ಎಂತದೂ ಹೇಳಲ್ಲ ತಮ್ಮಾ. ನೀರು ಬೇಕಾ ಅಂದ್ರೂ ಅದೇ, ನೋವಿದ್ಯಾ ಅಂದ್ರೂ ಅದೇ. 'ನಾ ಬದ್ಲು ಮಾಡ್ಲಿಲ್ಲ' ಅಂತಾರೆ. ಡಾಕ್ಟರ್ ಎದ್ರಿಗೂ ಅದೇ ಅಂದ್ರು. ಆ ಡಾಕ್ಟ್ರು ಔಷಧಿ ಬದ್ಲು ಮಾಡಬೇಕಾ ಅಂತ ಕೇಳಿದ್ರು."

ಒಳಗೆ ಹೋಗಿ ಕೂತೆ. ಮಾಸ್ತರು ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದರು. ಏನನ್ನುತ್ತಾರೆಂದು ಗೊತ್ತಿತ್ತು. ಆದರೂ ಅವರು ಅಂದಾಗ ಕೈ ಬಿಡಿಸಿಕೊಂಡು ಹೊರಗೆ ಬಂದುಬಿಟ್ಟೆ.

ಮಾಸ್ತರು ಕಣ್ಣು ಮುಚ್ಚುವ ಮೊದಲು ಅವರ ಹೆಸರು ಅವರಿಗೆ ಮರಳಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು. ಇಲ್ಲ, ಸುಳ್ಳು ಯಾಕೆ, ಇನ್ನೊಂದೂ ಬೇಕಾಗಿತ್ತು: ಈ ಕೆಲಸ ನನ್ನ ಹೆಸರಿಗೆ ಮಸಿ ತಾಗದ ಹಾಗೆ ಆಗಬೇಕು. ಅಲ್ಲೂ ಚೌಕಾಸಿ. ಕುಪ್ಪಗಡ್ಡೆಗೆ ಹೋಗಿ ಯಜಮಾನನಿಗೆ ಹೇಳಿದೆ, "ಅವತ್ತು ಗಡಿಬಿಡ್ಯಾಗ ನೋಡಿದ್ದೆ ಗೌಡ್ರೆ. ಮಾಸ್ತರು ಹಾಸಿಗಿ ಹಿಡದಾರ. ಇನ್ನೊಮ್ಮೆ ನಿಮ್ಮ ಎದುರಿಗೇ ನೋಡ್ತೀನಿ, ಒಂದು ಹತ್ತು ನಿಮಿಷ."

"ಆ ಸವತಿ ರಾಣಿನಾ? ಪೂಜೆಗೂ ಇಡಲ್ಲ ಈಗ ಅವ್ಳನ್ನ" ಎಂದಳು ಒಳಗಿಂದ ಯಜಮಾನನ ತಾಯಿ. ಆದರೂ ತಂದುಕೊಟ್ಟಳು.

ಅವರಿಗೆ ನೀರುಗುರುತು ನೋಡುವ ಕಣ್ಣಿಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಪಕ್ಕದಲ್ಲಿಟ್ಟು ತೋರಿಸಲು ಆನೆ ಇರುವ ನೀಲಿ ಅರ್ಧ ಆಣೆಯ ಸ್ಟಾಂಪೊಂದನ್ನು ಒಯ್ದಿದ್ದೆ. ಕಪ್ಪು ಬಸಿಯನ್ನು ಜಗಲಿಯ ಮೇಲಿಟ್ಟು ಎರಡನ್ನೂ ಬೋರಲು ಮಲಗಿಸಿದೆ. ಬೈಕಿನಿಂದ ಪೆಟ್ರೋಲ್ ಹಿಡಿದು ತಂದು ಬಿಟ್ಟೆ. ಅರ್ಧ ಆಣೆಯಲ್ಲಿ ಆನೆ ಎದ್ದಿತು, ಸೊಂಡಿಲು, ಕಿವಿ ಸಮೇತ. ಎಂಟು ಪೈ ಬರೀ ಕಾಗದ.

"ನೋಡ್ರಿ! ಇದ್ರಾಗೈತಿ, ಅದ್ರಾಗಿಲ್ಲ!"

ಯಜಮಾನ ಬಗ್ಗಿದ. "ಎಲ್ಲಿ? ಎಂತದೋ ನೇರಳೆ ಕಾಣ್ತೈತಲ್ರೀ."

ನೇರಳೆ ನಿಜವಾಗಿಯೂ ಕಾಣುತ್ತಿತ್ತು. ಸ್ಟಾಂಪಿನ ಅಂಚಿನಿಂದ ದಾರದಂತೆ ಹೊರಟು ಬಸಿಯಲ್ಲಿ ಹರಡುತ್ತಿತ್ತು. ಚಿಮಟದಲ್ಲಿ ಎತ್ತುವಷ್ಟರಲ್ಲಿ ರಾಣಿಯ ಕೆನ್ನೆ ಕೂದಲಿಗೆ ಸೇರಿ, ಕೂದಲು ಅಂಚಿಗೆ ಸೇರಿ, ಮುಖವಿದ್ದ ಜಾಗದಲ್ಲಿ ಮಸುಕು ಕಲೆ. ಬ್ಲಾಟಿಂಗ್ ಕಾಗದದ ಮೇಲಿಟ್ಟು ಒತ್ತಿದೆ. ಉಳಿದದ್ದೂ ಅದಕ್ಕೆ ಹತ್ತಿತು.

ಈಗಿನ ಪೆಟ್ರೋಲಿಗೆ ಸ್ಪಿರಿಟ್ ಬೆರೆಸುತ್ತಾರೆ. ಅದನ್ನು ಬಂಕಿನಲ್ಲೇ ಬರೆದು ಅಂಟಿಸಿದ್ದಾರೆ. ಎಷ್ಟೋ ಸಲ ಓದಿದ್ದೇನೆ, ಮೈಲೇಜು ಕೊಡುವುದಿಲ್ಲವೆಂದು ಬೈದಿದ್ದೇನೆ. ಕೆಲವು ಹಳೇ ನೇರಳೆ ಶಾಯಿ ಸ್ಪಿರಿಟ್ಟಿಗೆ ನಿಲ್ಲುವುದಿಲ್ಲವೆಂದು ಮಾಸ್ತರು ಬೇರೆ ಹೇಳಿದ್ದರು. ಎರಡೂ ಗೊತ್ತಿತ್ತು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಯೋಚಿಸಿರಲಿಲ್ಲ. ಈಚೆಗೆ ಜನ ಫೋನಿನಲ್ಲೇ ಫೋಟೋ ಕಳಿಸಿ ಕೇಳುವುದರಿಂದ ಬಸಿ ಹಿಡಿದು ವರ್ಷಗಳೇ ಕಳೆದಿದ್ದವು.

ಆದರೂ ಆ ತುಂಡನ್ನು ಯಜಮಾನನ ಮುಂದೆ ಹಿಡಿದೆ. "ಬಣ್ಣ ಹೋಗಿರಬಹುದು ಗೌಡ್ರೆ, ಗುರುತು ಕಾಗದದ ಒಳಗಿರ್ತತಿ. ಅದು ಎಲ್ಲೂ ಹೋಗೂದಿಲ್ಲ. ನೋಡ್ರಿ, ಆನೆ ಇಲ್ಲ. ಮಾಸ್ತರು ಹೇಳಿದ್ದು ಖರೆ."

"ಬಣ್ಣ ಹೋತು, ಅದ್ರ ಜೊತೆಗೆ ಆನೆನೂ ಹೋತು. ತೊಳೆದ್ಮೇಲೆ ಆನೆ ಎಲ್ಲಿಂದ ಬರ್ಬೇಕು?"

"ಕಾಗದ ನೀಲಿ ಐತಿ ನೋಡ್ರಿ, ಬೆನ್ನು..."

"ನೀವೇ ನೇರಳೆ ನೀರಲ್ಲಿ ಅದ್ದಿ, ಈಗ ನೀಲಿ ಅಂತೀರಲ್ಲ."

ತಾಯಿ ಬಾಗಿಲಿಗೆ ಬಂದು ನೋಡಿದಳು. ಬಸಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಬದಲು ಮಾಡಿದವ್ನು ಮುಖ ಆದ್ರೂ ಇಟ್ಟಿದ್ದ. ಇವ್ನು ಮುಖಾನೇ ತಿಂದ" ಎಂದಳು.

ಇನ್ನು ಯಾವ ದಾರಿಯೂ ಇರಲಿಲ್ಲ. ಹನ್ನೊಂದು ವರ್ಷ ನುಂಗಿಕೊಂಡದ್ದು ಆ ಜಗಲಿಯ ಮೇಲೆ ಹೊರಗೆ ಬಂತು. ಅವತ್ತೂ ಆನೆ ಇರಲಿಲ್ಲ, ಬೆಲೆ ಇಳಿಸಲು ಇದೆ ಎಂದೆ, ಮಾಸ್ತರು ಏನೂ ಮಾಡಿಲ್ಲ. ಹೇಳುತ್ತ ಅತ್ತುಬಿಟ್ಟೆ. ಯಜಮಾನ ಅಳು ಮುಗಿಯುವವರೆಗೂ ಕಾದ.

"ಅವತ್ತು ಸುಳ್ಳು ಹೇಳಿದ್ರಿ ಅಂತೀರಿ. ಇವತ್ತು ಖರೇ ಹೇಳ್ತಿದ್ದೀರಿ ಅಂತ ನಾ ಹೆಂಗೆ ನಂಬ್ಲಿ ಸಾವ್ಕಾರ್ರೆ? ಮಾಸ್ತರು ನಿಮಗೆ ಗುರುಗಳು. ಅವ್ರನ್ನ ಉಳಿಸೋಕೆ ಎಂತ ಬೇಕಾದ್ರೂ ಅಂತೀರಿ."

ಸುಳ್ಳು ಹೇಳಿದಾಗ ಎರಡು ಸಲ ಕೇಳಿ ನಂಬಿದ್ದ ಮನುಷ್ಯ ಇವನೇ.

ಕೊನೆಗೆ ಅವನೇ ಅಣಕಿಸುವ ಹಾಗೆ ಒಂದು ಮಾತೆಸೆದ. "ಆನೆ ತೊಳೆದ್ರೂ ಹೋಗಲ್ಲ ಅಂತೀರಲ್ಲ. ಇದೇ ಬಣ್ಣದ್ದು, ಇದೇ ಬೆಲೇದು, ಆನೆ ಇರೋದೊಂದು ತನ್ನಿ. ಇದೇ ಪೆಟ್ರೋಲಲ್ಲಿ ನಮ್ಮ ಕಣ್ಣೆದ್ರು ತೊಳೀರಿ. ಬಣ್ಣ ಹೋಗಿ ಆನೆ ಉಳೀಲಿ. ಅವಾಗ ನಾನೇ ಸೊರಬಕ್ಕೆ ಬಂದು ಮಾಸ್ತರ ಕಾಲು ಹಿಡೀತೀನಿ."

ಆನೆ ಇರುವ ನೇರಳೆ ಎಂಟು ಪೈ ನನಗೆ ಗೊತ್ತಿದ್ದ ಮಟ್ಟಿಗೆ ಒಂದೇ ಕಡೆ ಇತ್ತು. ಮಾಸ್ತರ ಬೀಗ ಹಾಕಿದ ಕಪಾಟಿನಲ್ಲಿ.

ಸೊರಬಕ್ಕೆ ಆ ಸಂಜೆ ಹೇಗೆ ಬೈಕು ಓಡಿಸಿದೆನೋ ತಿಳಿಯದು. ದಾರಿಯುದ್ದಕ್ಕೂ ಬೇರೊಂದು ಕಾರಣ ಕಟ್ಟಲು ನೋಡಿದೆ. ಪ್ರದರ್ಶನಕ್ಕೆ ಬೇಕಿತ್ತು ಎನ್ನಲೇ? ಯಾರೋ ನೋಡಬೇಕಂತೆ ಎನ್ನಲೇ? ಪ್ರತಿಯೊಂದೂ ಬಾಯಿಗೆ ಬರುವ ಮೊದಲೇ ಹಳಸಿತು. ಮಾಸ್ತರ ಮಂಚದ ಪಕ್ಕ ನೆಲದ ಮೇಲೆ ಕೂತೆ. ಅಮ್ಮ ಗಂಜಿ ಕುಡಿಸುತ್ತಿದ್ದರು.

"ಮಾಸ್ತರೇ, ಕುಪ್ಪಗಡ್ಡೆಯವರಿಗೆ ಆನೆ ಐತಿ ಅಂತ ಹೇಳಿದವನು ನಾನು. ಇರಲಿಲ್ಲ. ನೀವು ಹೇಳಿದ್ದೇ ಸರಿ."

ಚಮಚ ಗಾಳಿಯಲ್ಲಿ ನಿಂತಿತು. ಉಳಿದದ್ದನ್ನೂ ಹೇಳಿದೆ. ಪೆಟ್ರೋಲು, ರಾಣಿ ಕರಗಿದ್ದು, ಈಗ ಅವರ ಸ್ಟಾಂಪು ಯಾಕೆ ಬೇಕು ಎಂಬುದು. ಮಾಸ್ತರು ನನ್ನನ್ನು ಎಷ್ಟು ಹೊತ್ತು ನೋಡಿದರೆಂದರೆ, ಕಾಗದ ನೋಡುವಾಗಲೂ ಅವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಅಮ್ಮ ಗಂಜಿಯ ಬಟ್ಟಲು ಕೆಳಗಿಟ್ಟರು. "ಹನ್ನೊಂದು ವರ್ಷ," ಎಂದರು. "ಪ್ರತಿ ಭಾನುವಾರ ಈ ಮನೇಲಿ ಉಂಡ್ಯಲ್ಲ. ಗಂಟಲಲ್ಲಿ ಹೆಂಗೆ ಇಳೀತೋ ನಿಂಗೆ?"

ಬೈಯಲಿ ಎಂದು ಕಾದೆ. ಮಾಸ್ತರು ಎಡಗೈ ಎತ್ತಿ ಕಪಾಟು ತೋರಿಸಿದರು. ಅಮ್ಮ ಬೀಗ ತೆಗೆದು ಆಲ್ಬಮ್ಮು ತಂದು ಅವರ ಹೊಟ್ಟೆಯ ಮೇಲಿಟ್ಟು ಹಾಳೆ ತಿರುವಿದರು. ನೇರಳೆ ಸ್ಟಾಂಪು ಬಂದಾಗ ಮಾಸ್ತರ ಬೆರಳು ಅದರ ಮೇಲೆ ನಿಂತಿತು. ಚಿಮಟ ಹಿಡಿಯಲು ಆಗದೆ ಉಗುರಿನಲ್ಲೇ ಬಿಡಿಸಿದರು. ನಾನು ಅಂಗೈ ಚಾಚಿದೆ. ಅವರು ನನ್ನ ಕೈಯ ಮೇಲಿಂದ ದಾಟಿಸಿ ಅಮ್ಮನ ಕೈಗೆ ಕೊಟ್ಟರು.

"ನೀ... ಹೋಗು" ಎಂದರು ಅಮ್ಮನಿಗೆ. ಲಕ್ವ ಹೊಡೆದ ಮೇಲೆ ಅವರು ಆಡಿದ ಬೇರೆ ಮಾತು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯವರನ್ನು ಮಾಸ್ತರ ಹತ್ತಿರ ಕೂರಿಸಿ ಅಮ್ಮ ಆಟೋದಲ್ಲಿ ಹೊರಟರು. ನನ್ನ ಬೈಕು ಹತ್ತಲಿಲ್ಲ. ಹಿಂದೆಯೇ ಹೋದೆ. ಕುಪ್ಪಗಡ್ಡೆಯ ಜಗಲಿಯಲ್ಲಿ ಬಸಿ ಇಟ್ಟದ್ದು ಅವರು, ಸ್ಟಾಂಪು ಮಲಗಿಸಿದ್ದು ಅವರು. ಗಂಡ ಮಾಡುವುದನ್ನು ಅಡುಗೆಮನೆಯ ಬಾಗಿಲಿಂದ ನೋಡಿಯೇ ಕಲಿತಿದ್ದರು ಎಂದು ಕಾಣುತ್ತದೆ, ಕೈ ಒಂದು ಸಲವೂ ತಪ್ಪಲಿಲ್ಲ. ನನ್ನ ಕೆಲಸ ಬೈಕಿನಿಂದ ಪೆಟ್ರೋಲ್ ಹಿಡಿದುಕೊಡುವುದಷ್ಟೇ.

ಮೊದಲು ಆನೆ ಎದ್ದಿತು. ಯಜಮಾನ, ಅವನ ತಾಯಿ ಇಬ್ಬರೂ ಬಗ್ಗಿ ನೋಡಿ ಹೂಂ ಅಂದರು. ಆಮೇಲೆ ನೇರಳೆ ಬಿಡಲು ಶುರುವಾಯಿತು. ಅದು ಹರಡುವುದನ್ನು ಅಮ್ಮ ಕಣ್ಣು ಮಿಟುಕಿಸದೆ ನೋಡಿದರು. ಮಾಸ್ತರು ಆ ಸ್ಟಾಂಪಿಗಾಗಿ ಎಷ್ಟು ಜನರಿಗೆ ಕಾಗದ ಬರೆದಿದ್ದರು ಎಂಬುದು ನನಗೆ ಗೊತ್ತು, ಅವರಿಗೆ ನನಗಿಂತ ಹೆಚ್ಚು ಗೊತ್ತು. ಬಣ್ಣ ಪೂರಾ ಹೋಗುವವರೆಗೆ ಎರಡು ಸಲ ಪೆಟ್ರೋಲ್ ಬದಲಾಯಿಸಿದರು. ಹೊಸ ಹನಿ ಬಿಟ್ಟರು.

ಮುಖವಿಲ್ಲದ ಕಾಗದದಲ್ಲಿ ಆನೆಯ ತಲೆ ಹಾಗೇ ಇತ್ತು. ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕುಪ್ಪಗಡ್ಡೆಯ ರಾಣಿಯ ತುಂಡನ್ನೂ ಹಾಕಿದರು. ಅದರಲ್ಲಿ ಏನೂ ಇರಲಿಲ್ಲ.

ಯಜಮಾನನ ತಾಯಿ ಅಮ್ಮನ ಎರಡೂ ಕೈ ಹಿಡಿದುಕೊಂಡಳು. "ತಪ್ಪಾತು ತಂಗೀ" ಎಂದಳು. ಅಮ್ಮ, "ನಂಗೆ ಬೇಡ. ಅವ್ರ ಎದ್ರಿಗೆ ಬಂದು ಅನ್ನಿ" ಎಂದರು.

ಯಜಮಾನ ಶರ್ಟು ಬದಲಿಸಿ ತಾಯಿಯನ್ನೂ ಅಮ್ಮನನ್ನೂ ತನ್ನ ಜೀಪಿನಲ್ಲಿ ಕೂರಿಸಿಕೊಂಡ. ನಾನು ಬೈಕಿನಲ್ಲಿ ಅವರ ಧೂಳು ಕುಡಿಯುತ್ತ ಹಿಂದೆ ಬಂದೆ. ಸೊರಬ ಮುಟ್ಟುವಷ್ಟರಲ್ಲಿ ಅವರು ಒಳಗೆ ಹೋಗಿದ್ದರು, ಪಕ್ಕದ ಮನೆಯವರು ತಮ್ಮ ಮನೆಗೆ ವಾಪಸಾಗುತ್ತಿದ್ದರು. ಕಿಟಕಿಯಿಂದ ಯಜಮಾನನ ದನಿ ಕೇಳುತ್ತಿತ್ತು, "ಮಾಸ್ತರೇ, ನೀವು ಬದಲು ಮಾಡಿರ್ಲಿಲ್ಲ. ನಾವು ಮಂದಿ ಮುಂದೆ ಆಡಬಾರದ್ದು ಆಡಿದ್ವಿ. ಸಂತೇಲೂ ಹೇಳ್ತೀನಿ, ಮದುವೆ ಮನೇಲೂ ಹೇಳ್ತೀನಿ." ಆಮೇಲೆ ಒಂದು ಸದ್ದು. ಮಾಸ್ತರು ಅಳುತ್ತಿದ್ದರೋ ನಗುತ್ತಿದ್ದರೋ, ತಿರುಚಿದ ಬಾಯಿಯಿಂದ ಬಂದದ್ದು ಎರಡರ ಹಾಗೂ ಇತ್ತು.

ಚಪ್ಪಲಿ ಬಿಡಲೋ ಬೇಡವೋ ಎಂದು ತಿಳಿಯದೆ ಮೆಟ್ಟಿಲ ಮೇಲೆ ನಿಂತಿದ್ದೆ. ಅಮ್ಮ ಚಹಾದ ತಟ್ಟೆ ಹಿಡಿದು ಒಳಮನೆಯಿಂದ ಬಂದರು, ಬಾಗಿಲಲ್ಲಿ ನನ್ನನ್ನು ಕಂಡರು. ತಟ್ಟೆಯಲ್ಲಿ ನಾಲ್ಕು ಲೋಟ ಇದ್ದವು. ಒಳಗಿದ್ದವರು ಅಮ್ಮನೂ ಸೇರಿ ನಾಲ್ಕೇ ಜನ. ಅಮ್ಮ ಮಾಸ್ತರ ಕೋಣೆಯ ಕಡೆ ತಿರುಗಿದರು.